ಶಿಶಿಕ್ಷುವಿನ ಹಕ್ಕು ಮತ್ತು ಹೊಣೆ

ಮೋಕ್ಷವನ್ನು ಬಯಸುವವನು ಮುಮುಕ್ಷು, ಅರಿಯಬಯಸುವವನು ಜಿಜ್ಞಾಸು, ಅಂತೆಯೇ ಕಲಿಯಬಯಸುವವನು ಶಿಶಿಕ್ಷು. ಕಾರ್ಖಾನೆಯಲ್ಲಿ ಕಸುಬು ಕಲಿಯುವ ಅಪ್ರೆಂಟಿಸ್‌ಗೆ ಆಡಳಿತ ಕನ್ನಡದಲ್ಲಿ ಸಂದಿರುವ ಹೆಸರಿದು. ಕಾನೂನಿನ ತಿರುಳೂ ಈ ಹೆಸರಿನಲ್ಲಿಯೇ ಅಡಗಿದೆ. 1961ರ ಶಿಶಿಕ್ಷು ಅಧಿನಿಯಮದ 18ನೆಯ ಪ್ರಕರಣದಂತೆ ಶಿಶಿಕ್ಷುವು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ.

ಕಾರ್ಮಿಕನಲ್ಲವೆಂದ ಮಾತ್ರಕ್ಕೆ ಅವನು ರಕ್ಷಣೆಯಿಲ್ಲದವನೆಂದು ತಿಳಿಯಬಾರದು. ಮಾಲೀಕನು ಮೊದಲು ಅವನೊಡನೆ ಒಪ್ಪಂದ ಮಾಡಿಕೊಳ್ಳಬೇಕು, ಅದು ನೋಂದಣಿಯಾಗಬೇಕು. ಹುಡುಗನು ಅಪ್ರಾಪ್ತವಯಸ್ಕನಾಗಿದ್ದರೆ ಅವನ ಪೋಷಕರು ಒಪ್ಪಂದಕ್ಕೆ ಬರಬೇಕು. ನಿಯಮಾನುಸಾರ ಶಿಷ್ಯವೇತನ ಸಲ್ಲಬೇಕು; ತಯಾರಾದ ವಸ್ತುಗಳ ಎಣಿಕೆಯ ಮೇಲೆ ಅದನ್ನು ಕಟ್ಟಿಕೊಡುವಂತಿಲ್ಲ. ಸರ್ಕಾರದ ಶಿಶಿಕ್ಷು ಸಲಹೆಗಾರರ ಅನುಮತಿಯಿಲ್ಲದೆ ಹೆಚ್ಚಿನ ವೇಳೆ ದುಡಿಸುವಂತಿಲ್ಲ. ತರಬೇತಿಯ ನಿಮಿತ್ತವಾಗಿ, ತರಬೇತಿಯ ವೇಳೆಯಲ್ಲಿ ಅಪಘಾತವಾಗಿ ಗಾಯಗೊಂಡರೆ ಪರಿಹಾರದ ಹೊಣೆ ಮಾಲೀಕನದು.

ಹಕ್ಕಿನ ಮಗ್ಗುಲಲ್ಲಿಯೇ ಕರ್ತವ್ಯವೂ ಇದೆ. ಶಿಶಿಕ್ಷುವು ಕಸುಬನ್ನು ಶ್ರದ್ಧೆಯಿಂದ ಕಲಿಯಬೇಕು. ತರಗತಿಗಳಿಗೆ ತಪ್ಪದೆ ಹಾಜರಾಗಬೇಕು. ನ್ಯಾಯಸಮ್ಮತ ಆಜ್ಞೆಗಳನ್ನು ಪಾಲಿಸಬೇಕು. ಅವನ ತಪ್ಪಿನಿಂದ ಒಪ್ಪಂದ ಮುರಿದುಬಿದ್ದರೆ ತರಬೇತಿಯ ವೆಚ್ಚವನ್ನು ಅವನು ಅಥವಾ ಅವನ ಪೋಷಕರು ಹಿಂದಿರುಗಿಸಬೇಕಾದೀತು. ಮಾಲೀಕನು ತಪ್ಪಿದರೆ ಅವನೇ ಪರಿಹಾರ ತೆರಬೇಕು. ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳು.

ಇಂದು ಪಾಲಿಟೆಕ್ನಿಕ್ ಹಾಗೂ ಕಾಲೇಜುಗಳ ವಿದ್ಯಾರ್ಥಿಗಳು ಪಠ್ಯಕ್ರಮದ ಅಂಗವಾಗಿ ಮಾಡುವ ಇಂಟರ್ನ್‌ಷಿಪ್ ಎಲ್ಲವೂ ಈ ಅಧಿನಿಯಮಕ್ಕೆ ತಾನಾಗಿಯೇ ಒಳಪಡುವುದಿಲ್ಲ. ಒಂದೇ ಕಾರ್ಖಾನೆಯಲ್ಲಿ ಇಬ್ಬರು ಹುಡುಗರು ಲೇತ್ ಯಂತ್ರದ ಮುಂದೆ ನಿಂತಿದ್ದಾರೆನ್ನೋಣ. ಒಬ್ಬನದು ನೋಂದಾಯಿತ ಒಪ್ಪಂದ. ಮತ್ತೊಬ್ಬನು ಬಾಯಿಮಾತಿನ ಮೇಲೆ ಬಂದವನು. ಇಬ್ಬರ ಬೆರಳಿಗೂ ಪೆಟ್ಟಾಯಿತು. ಮೊದಲನೆಯವನು ಕಾನೂನಿನ ಮಾತೆತ್ತಿ ನೇರವಾಗಿ ಪರಿಹಾರ ಕೇಳಬಲ್ಲನು. ಎರಡನೆಯವನಾದರೋ, ತಾನು ಅಲ್ಲಿ ಯಾರಾಗಿದ್ದೆನೆಂಬುದನ್ನೇ ಮೊದಲು ಸಾಧಿಸಿ ತೋರಿಸಬೇಕಾಗುತ್ತದೆ. ನೋವು ಒಂದೇ, ಕಾಗದವಿಲ್ಲದವನ ದಾರಿ ದೀರ್ಘ.

ಹೆಣ್ಣುಮಕ್ಕಳು ಇನ್ನೊಂದು ಸಂಗತಿಯನ್ನು ಅರಿತಿರಬೇಕು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯಿದೆಯು ತರಬೇತಿ ಪಡೆಯುವವರನ್ನೂ ಉದ್ಯೋಗಿಗಳೆಂದೇ ಎಣಿಸಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ದೂರು ಕೇಳುವ ಸಮಿತಿ ಇರಲೇಬೇಕು.

ಆದುದರಿಂದ ಕಲಿಯಹೊರಟವರು ಅವಧಿ, ವೇಳೆ, ಶಿಷ್ಯವೇತನ, ಅಪಘಾತದ ಹೊಣೆ ಇವಿಷ್ಟನ್ನು ಬರಹದಲ್ಲಿ ಪಡೆದು, ಪೂರ್ತಿ ಓದಿ, ಪ್ರತಿಯೊಂದನ್ನು ತಮ್ಮಲ್ಲಿಟ್ಟುಕೊಂಡು, ಬಳಿಕವೇ ಸಹಿ ಮಾಡುವುದು ಕ್ಷೇಮ. ಓದಲು ಕಲಿಸಿದ ಶಾಲೆಯ ವಿದ್ಯೆಗೆ ಅದು ಸಾರ್ಥಕವಾದ ಉಪಯೋಗ.