ಸೂಜಿಯ ಮೊನೆ ಮತ್ತು ನಗರದ ಒತ್ತಡ

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಕಾಲಿಗೆ ನೆಟ್ಟ ಮುಳ್ಳಿನ ವಿಷಯದಲ್ಲಿ ಇದು ಸರಿ. ಮನಸ್ಸಿಗೆ ನೆಟ್ಟ ಮುಳ್ಳನ್ನೂ ಸೂಜಿಯಿಂದ ತೆಗೆಯಬಹುದೆ? ಬೆಂಗಳೂರಿನಂಥ ನಗರದಲ್ಲಿ ಬೆಳಗ್ಗೆ ಬಸ್ಸಿಗಾಗಿ ಕಾದು, ವಾಹನಗಳ ಸಾಲಿನಲ್ಲಿ ಸಿಕ್ಕಿ, ಹಗಲೆಲ್ಲ ಗಡಿಯಾರದೊಡನೆ ಹೋರಾಡಿ ಸಂಜೆ ಮನೆಗೆ ಹಿಂದಿರುಗುವವನ ಕತ್ತು ಬಿಗಿದಿರುತ್ತದೆ; ತಲೆ ಸಿಡಿಯುತ್ತಿರುತ್ತದೆ; ನಿದ್ರೆ ಹತ್ತಿರ ಸುಳಿಯದು. ಇಂಥವರಲ್ಲಿ ಕೆಲವರು ಚೀನಾ ದೇಶದ ಸೂಜಿಚಿಕಿತ್ಸೆಯನ್ನು, ಅಂದರೆ ಆಕ್ಯುಪಂಕ್ಚರನ್ನು, ಮಾಡಿಸಿಕೊಂಡು ನೆಮ್ಮದಿ ಪಡೆದೆವೆಂದು ಹೇಳುವುದುಂಟು. ಅವರ ಅನುಭವವನ್ನು ಸುಳ್ಳೆನ್ನಲು ನಮಗೆ ಅಧಿಕಾರವಿಲ್ಲ. ಆದರೆ ಆ ನೆಮ್ಮದಿಗೆ ಸೂಜಿಯೇ ಕಾರಣವೆ ಎಂದು ಕೇಳುವ ಅಧಿಕಾರ ವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಇದೆ. ಈ ಪ್ರಶ್ನೆಯನ್ನು ಬಿಡಿಸುವ ಬಗೆಯನ್ನು ಈಗ ನೋಡೋಣ.

ಒತ್ತಡವೆಂದರೇನು?

ಭೌತವಿಜ್ಞಾನದಲ್ಲಿ ಈ ಮಾತಿಗೆ ಖಚಿತವಾದ ಅರ್ಥವುಂಟು. ತಂತಿಯೊಂದಕ್ಕೆ ತೂಕವನ್ನು ತೂಗುಹಾಕಿದಾಗ ಅದರ ಅಡ್ಡಕೊಯ್ತದ ಏಕಮಾನ ಕ್ಷೇತ್ರದ ಮೇಲೆ ಬೀಳುವ ಬಲವೇ ಪೀಡನ. ಅದರಿಂದ ತಂತಿ ತನ್ನ ಮೂಲ ಉದ್ದದ ಎಷ್ಟನೆಯ ಭಾಗದಷ್ಟು ಹಿಗ್ಗಿತೋ ಅದು ವಿಕೃತಿ. ತೂಕವನ್ನು ತೆಗೆದರೆ ತಂತಿ ಮೊದಲಿನಂತಾಗುತ್ತದೆ. ಸ್ಥಿತಿಸ್ಥಾಪಕತೆಯ ಮಿತಿಯನ್ನು ಮೀರಿದ್ದರೆ ಮಾತ್ರ ಹಾಗಾಗದು.

1936ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳ ಫಲವನ್ನು ಪ್ರಕಟಿಸಿದನು. ಚಳಿ, ಗಾಯ, ಅತಿಯಾದ ದುಡಿಮೆ, ವಿಷ, ಇವುಗಳಲ್ಲಿ ಯಾವುದಕ್ಕೆ ಗುರಿಮಾಡಿದರೂ ಇಲಿಯ ದೇಹದಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ಮಾರ್ಪಾಡುಗಳು ಕಂಡುಬಂದವು. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಹಿಗ್ಗಿದವು; ಜಠರದಲ್ಲಿ ಹುಣ್ಣುಗಳಾದವು. ಈ ಸ್ಥಿತಿಗೆ ಅವನು ಮುಂದೆ ಬಳಸಿದ ಹೆಸರು ಎಂಜಿನಿಯರುಗಳಿಗೆ ಪರಿಚಿತವಾಗಿದ್ದ ಪೀಡನವೆಂಬ ಪದವೇ. ತೂಕವನ್ನಲ್ಲದೆ ಅದರ ಪರಿಣಾಮವನ್ನು ಅವನು ವರ್ಣಿಸುತ್ತಿದ್ದುದರಿಂದ ನಮ್ಮ ಶಾಸ್ತ್ರದ ಪ್ರಕಾರ ಅದು ವಿಕೃತಿ ಎನ್ನಿಸಿಕೊಳ್ಳಬೇಕಾಗಿತ್ತು! ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಅಪಾಯ ಎದುರಾದಾಗ ಅಡ್ರಿನಲಿನ್ ಎಂಬ ದ್ರವ್ಯ ರಕ್ತವನ್ನು ಸೇರಿ ಗುಂಡಿಗೆಯ ಬಡಿತವನ್ನು ಹೆಚ್ಚಿಸುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹೋರಾಡುವುದಕ್ಕೋ ಓಡಿಹೋಗುವುದಕ್ಕೋ ದೇಹ ಸಿದ್ಧವಾಗುವ ಈ ಕ್ರಮವನ್ನು 1915ರಲ್ಲಿ ಅಮೆರಿಕದ ವಾಲ್ಟರ್ ಕ್ಯಾನನ್ ವಿವರಿಸಿದನು. ಆದರೆ ಬಸ್ಸಿನಲ್ಲಿ ಕುಳಿತವನು ಯಾರೊಡನೆ ಹೋರಾಡಬೇಕು? ಎಲ್ಲಿಗೆ ಓಡಬೇಕು? ನಗರದಲ್ಲಿ ಕರೆಗಂಟೆ ಬಾರಿಸುತ್ತಲೇ ಇರುತ್ತದೆ. ಗದ್ದಲವನ್ನೇ ತೆಗೆದುಕೊಳ್ಳೋಣ. ಭಾರತದಲ್ಲಿ 2000ನೆಯ ಇಸವಿಯ ನಿಯಮಗಳು ವಸತಿಪ್ರದೇಶಗಳಿಗೆ ಹಗಲಿನಲ್ಲಿ ವಿಧಿಸಿದ ಮಿತಿ 55 ಡೆಸಿಬೆಲ್. ರಸ್ತೆಯ ಸದ್ದು 75 ಡೆಸಿಬೆಲ್ ಮುಟ್ಟಿತೆನ್ನಿ. ಹೆಚ್ಚಿದ್ದು ಕೇವಲ 20 ಎಂದು ತೋರಬಹುದು. ಆದರೆ ಪ್ರತಿ 10 ಡೆಸಿಬೆಲ್‌ಗೆ ಶಬ್ದದ ತೀವ್ರತೆ ಹತ್ತು ಮಡಿಯಾಗುವುದರಿಂದ ಅದು ನಿಜವಾಗಿ ನೂರು ಮಡಿ ಹೆಚ್ಚಿರುತ್ತದೆ.

ಸೂಜಿಯ ಕಥೆ

ಸೂಜಿಚಿಕಿತ್ಸೆ ಬಹು ಪುರಾತನವಾದುದು. ಕ್ರಿಸ್ತಪೂರ್ವ 113ರಲ್ಲಿ ಮಡಿದ ಲಿಯು ಷೆಂಗ್ ಎಂಬ ಚೀನೀ ರಾಜಕುಮಾರನ ಗೋರಿಯನ್ನು 1968ರಲ್ಲಿ ಅಗೆದಾಗ ಚಿನ್ನದ ಮತ್ತು ಬೆಳ್ಳಿಯ ಸೂಜಿಗಳು ದೊರೆತವು. 'ಚಿ' ಎಂಬ ಪ್ರಾಣಶಕ್ತಿ ದೇಹದಲ್ಲಿ 12 ಮುಖ್ಯ ನಾಳಗಳ ಮೂಲಕ ಹರಿಯುತ್ತದೆಂದೂ ಆ ಹರಿವು ತಡೆಪಟ್ಟರೆ ಬೇನೆಯುಂಟಾಗುತ್ತದೆಂದೂ ಚೀನಾದ ಪ್ರಾಚೀನ ವೈದ್ಯರು ಭಾವಿಸಿದ್ದರು. ಸೂಜಿ ಚುಚ್ಚಲು ಇಂದು ಗೊತ್ತುಮಾಡಿರುವ ಬಿಂದುಗಳು 361. ಸ್ವದೇಶದಲ್ಲಿಯೂ ಈ ಪದ್ಧತಿಗೆ ಸದಾ ಮನ್ನಣೆಯಿರಲಿಲ್ಲ. 1822ರಲ್ಲಿ ಚೀನಾದ ಚಕ್ರವರ್ತಿ ಇದನ್ನು ಅರಮನೆಯ ವೈದ್ಯಸಂಸ್ಥೆಯಿಂದ ಹೊರಹಾಕಿದನು.

1938ರಲ್ಲಿ ಚೀನಾಕ್ಕೆ ತೆರಳಿದ ಭಾರತೀಯ ವೈದ್ಯರ ತಂಡದಲ್ಲಿ ಡಾ. ಕೋಟ್ನಿಸರ ಜೊತೆಗಾರರಾಗಿದ್ದ ಡಾ. ಬಿ. ಕೆ. ಬಸು ಅವರು 1950ರ ದಶಕದ ಕೊನೆಯಲ್ಲಿ ಅಲ್ಲಿ ಈ ವಿದ್ಯೆಯನ್ನು ಕಲಿತು ಕಲ್ಕತ್ತೆಗೆ ತಂದರು. ಪಶ್ಚಿಮ ದೇಶಗಳ ಕುತೂಹಲ ಕೆರಳಿದ್ದು 1971ರಲ್ಲಿ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಪೀಕಿಂಗಿನಲ್ಲಿ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯಾಯಿತು. ಸೂಜಿ ಚುಚ್ಚಿಯೇ ಹೊಟ್ಟೆಯನ್ನು ಕೊಯ್ದರೆಂದು ಅನೇಕರು ನಂಬಿದರು. ವಾಸ್ತವವಾಗಿ ಕೊಯ್ಯುವಾಗ ಸಾಮಾನ್ಯ ಅರಿವಳಿಕೆಯ ಮದ್ದನ್ನೇ ಬಳಸಿದ್ದರು. ಸೂಜಿ ಬಂದದ್ದು ಅನಂತರ, ಹೊಟ್ಟೆಯ ಸಂಕಟವನ್ನು ಕಳೆಯಲು.

ಸೂಜಿ ಎಂದೊಡನೆ ಇಂಜೆಕ್ಷನ್ನಿನ ನೆನಪಾಗಿ ಬೆದರಬೇಕಾಗಿಲ್ಲ. ಈ ಚಿಕಿತ್ಸೆಯ ಸೂಜಿಯ ವ್ಯಾಸ ಸುಮಾರು 0.25 ಮಿಲಿಮೀಟರ್. 0.7 ಮಿಲಿಮೀಟರ್ ವ್ಯಾಸದ ಇಂಜೆಕ್ಷನ್ ಸೂಜಿಯ ಅಡ್ಡಕೊಯ್ತ ಇದರ ಸುಮಾರು ಎಂಟರಷ್ಟಾಗುತ್ತದೆ. ಮೇಲಾಗಿ ಇದು ಟೊಳ್ಳಲ್ಲ. ಊತಕವನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಪಕ್ಕಕ್ಕೆ ಸರಿಸಿಕೊಂಡು ಒಳಸೇರುತ್ತದೆ.

ದೇಹದೊಳಗೆ ನಡೆಯುವುದೇನು?

ಶರೀರವನ್ನು ಕೊಯ್ದು ನೋಡಿದ ಅಂಗರಚನಾಶಾಸ್ತ್ರಜ್ಞರಿಗೆ ರಕ್ತನಾಳಗಳೂ ನರಗಳೂ ಕಂಡವೇ ಹೊರತು 'ಚಿ'ಯ ನಾಳಗಳು ಕಾಣಲಿಲ್ಲ. ಹಾಗೆಂದು ಸೂಜಿ ಏನನ್ನೂ ಮಾಡದೆಂದಲ್ಲ. ಅಫೀಮಿನಂತೆ ನೋವಡಗಿಸುವ ದ್ರವ್ಯಗಳನ್ನು ಮಿದುಳು ತಾನೇ ತಯಾರಿಸುತ್ತದೆಂಬುದು 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ತಿಳಿದುಬಂದಿತು. ಅಫೀಮಿನ ಪರಿಣಾಮವನ್ನು ತಡೆಯುವ ನಲೊಕ್ಸೋನ್ ಎಂಬ ಮದ್ದನ್ನು ಕೊಟ್ಟರೆ ಸೂಜಿಯ ನೋವಡಗಿಸುವ ಗುಣವೂ ಕುಗ್ಗುತ್ತದೆಂದು 1976 ಮತ್ತು 1977ರ ಪ್ರಯೋಗಗಳು ತೋರಿಸಿದವು. ಸೂಜಿಯನ್ನು ಚುಚ್ಚಿ ತಿರುಗಿಸಿದ ಜಾಗದಲ್ಲಿ ನೋವನ್ನು ತಗ್ಗಿಸುವ ಅಡಿನೋಸಿನ್ ಎಂಬ ದ್ರವ್ಯ ಹೆಚ್ಚುತ್ತದೆಂದು 2010ರಲ್ಲಿ ಸುಂಡಿಲಿಗಳಲ್ಲಿ ಕಂಡುಕೊಂಡರು.

ಇವೆಲ್ಲ ನೋವಿಗೆ ಸಂಬಂಧಿಸಿದವು. ಒತ್ತಡಕ್ಕೆ ಸಿಕ್ಕಿದ ಮನುಷ್ಯನ ವಿಷಯ ಇನ್ನೂ ಜಟಿಲ. ಅವನು ಚಿಕಿತ್ಸಾಲಯಕ್ಕೆ ಬಂದು ಶಾಂತವಾದ ಕೋಣೆಯಲ್ಲಿ ಅರ್ಧ ಗಂಟೆ ಮಲಗುತ್ತಾನೆ. ಫೋನು ಪಕ್ಕದಲ್ಲಿಲ್ಲ. ಒಬ್ಬರು ಅವನ ಕಷ್ಟವನ್ನು ಕಿವಿಗೊಟ್ಟು ಕೇಳುತ್ತಾರೆ. ವಾಸಿಯಾಗುತ್ತದೆಂಬ ಭರವಸೆಯೂ ಇದೆ. ಇಷ್ಟೆಲ್ಲದರ ಜೊತೆಗೆ ಸೂಜಿಯೂ ಇದೆ. ನೆಮ್ಮದಿಯನ್ನು ಯಾವುದರ ಲೆಕ್ಕಕ್ಕೆ ಬರೆಯೋಣ?

ಹೋಲಿಕೆ ಯಾವುದರೊಡನೆ?

ಪ್ರಯೋಗಶಾಲೆಯಲ್ಲಿ ನಾವು ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದವನ್ನು ಇದ್ದಂತೆಯೇ ಇಡುತ್ತೇವಷ್ಟೆ. ಇಲ್ಲಿಯೂ ಅದೇ ಮಾರ್ಗ. 1998ರಲ್ಲಿ ಜರ್ಮನಿಯ ವೈದ್ಯರು ಒಂದು ಹುಸಿಸೂಜಿಯನ್ನು ಪ್ರಕಟಪಡಿಸಿದರು. ಅದರ ಮೊನೆ ಮೊಂಡು; ಚರ್ಮಕ್ಕೆ ತಾಗಿದೊಡನೆ ಸೂಜಿ ತನ್ನ ಹಿಡಿಯೊಳಕ್ಕೆ ಜಾರುತ್ತದೆ. ನೋಡಿದವರಿಗೆ ಚುಚ್ಚಿದಂತೆಯೇ ತೋರುತ್ತದೆ.

ಇದನ್ನು ಬಳಸಿ ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದರ ಫಲ 2008ರಲ್ಲಿ ಪ್ರಕಟವಾಯಿತು. ರೋಗಿಗಳು 262 ಮಂದಿ. ಅವರ ಬೇನೆ, ಒತ್ತಡದಿಂದ ಉಲ್ಬಣಿಸುವ ಒಂದು ಬಗೆಯ ಕರುಳಿನ ತೊಂದರೆ. ಮೊದಲನೆಯ ಗುಂಪಿನವರು ಕಾಯುವವರ ಪಟ್ಟಿಯಲ್ಲಿದ್ದರು. ಎರಡನೆಯವರಿಗೆ ಹೆಚ್ಚು ಮಾತುಕತೆಯಿಲ್ಲದೆ ಹುಸಿಸೂಜಿಯ ಚಿಕಿತ್ಸೆ. ಮೂರನೆಯವರಿಗೆ ಅದೇ ಹುಸಿಸೂಜಿ, ಜೊತೆಗೆ ವೈದ್ಯರ ಆದರದ ಮಾತು. ಮೂರು ವಾರಗಳಲ್ಲಿ ತಕ್ಕಷ್ಟು ಉಪಶಮನವಾಯಿತೆಂದವರು ಕ್ರಮವಾಗಿ ನೂರಕ್ಕೆ 28, 44 ಮತ್ತು 62. ಈ ಮೂರು ಗುಂಪುಗಳಲ್ಲಿ ಯಾರ ಚರ್ಮವನ್ನೂ ಸೂಜಿ ಭೇದಿಸಿರಲಿಲ್ಲ!

ಜರ್ಮನಿಯಲ್ಲಿ 1162 ಮಂದಿ ಸೊಂಟನೋವಿನ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ (2007) ಶಾಸ್ತ್ರೋಕ್ತವಾಗಿ ಚುಚ್ಚಿಸಿಕೊಂಡವರ ಪೈಕಿ ನೂರಕ್ಕೆ 47.6, ಬಿಂದುಗಳಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರ ಪೈಕಿ 44.2, ವಾಡಿಕೆಯ ಚಿಕಿತ್ಸೆ ಪಡೆದವರ ಪೈಕಿ 27.4 ಮಂದಿಗೆ ಗುಣ ಕಂಡಿತು. ಸುಮಾರು 18,000 ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ, ದೀರ್ಘಕಾಲದ ನೋವಿಗೆ ನಿಜವಾದ ಸೂಜಿ ಹುಸಿಸೂಜಿಗಿಂತ ತುಸು ಮೇಲೆಂದೂ ಕಂಡುಬಂದಿತು. ಎಂದಮೇಲೆ ಸೂಜಿಗೆ ಒಂದು ಪಾಲು ಸಲ್ಲಬಹುದು; ದೊಡ್ಡ ಪಾಲು ಸಲ್ಲುವುದು ವಿಶ್ರಾಂತಿ, ಆರೈಕೆ, ನಂಬಿಕೆಗಳಿಗೆ. ಇವುಗಳಿಂದ ಬಂದ ನೆಮ್ಮದಿಯೂ ನಿಜವಾದ ನೆಮ್ಮದಿಯೇ.

ಹಾಗಾದರೆ ಕಾರಣವನ್ನು ಹುಡುಕುವ ಗೊಡವೆಯೇಕೆ? ಕಾರಣವನ್ನು ತಪ್ಪಾಗಿ ತಿಳಿದರೆ ಕಾರ್ಯವೂ ತಪ್ಪುತ್ತದೆ. ಎದೆನೋವು, ಬಿಡದ ತಲೆನೋವು, ಬಹುದಿನ ನಿದ್ರೆಯಿಲ್ಲದಿರುವುದು, ಬದುಕೇ ಬೇಡವೆನಿಸುವ ಖಿನ್ನತೆ, ಇವುಗಳನ್ನು 'ಒತ್ತಡ'ವೆಂದು ಕರೆದು ಸೂಜಿಯನ್ನೇ ನಂಬಿ ಕೂರುವುದು ಅಪಾಯಕರ. ಮೊದಲು ವೈದ್ಯರ ಪರೀಕ್ಷೆ ಆಗಬೇಕು. ಸೂಜಿಚಿಕಿತ್ಸೆ ಬೇಕೆನಿಸಿದವರು ತರಬೇತಿ ಪಡೆದವರಲ್ಲಿಗೇ ಹೋಗಬೇಕು. ಒಮ್ಮೆ ಬಳಸಿ ಬಿಸಾಡುವ ಕ್ರಿಮಿರಹಿತ ಸೂಜಿಯನ್ನೇ ಕೇಳಬೇಕು. ಅಪರೂಪವಾದರೂ ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿ ಶ್ವಾಸಕೋಶಕ್ಕೆ ಪೆಟ್ಟಾದ ಪ್ರಸಂಗಗಳುಂಟು.

ಈಗ ಪೀಡನ ಮತ್ತು ವಿಕೃತಿಗಳ ಭೇದಕ್ಕೆ ಹಿಂದಿರುಗೋಣ. ಸೂಜಿಯಾಗಲಿ ವಿಶ್ರಾಂತಿಯಾಗಲಿ ತಗ್ಗಿಸುವುದು ವಿಕೃತಿಯನ್ನು. ತೂಕ ತೂಗುತ್ತಲೇ ಇದ್ದರೆ ತಂತಿ ಮತ್ತೆ ಹಿಗ್ಗುತ್ತದೆ. ಹಾರನ್ನಿನ ಸದ್ದು, ನಿದ್ರೆಗೆಟ್ಟ ರಾತ್ರಿ, ಬಿಡುವಿಲ್ಲದ ದುಡಿಮೆ, ಇವು ತಗ್ಗದೆ ನಗರವಾಸಿಗೆ ಶಾಶ್ವತವಾದ ಬಿಡುಗಡೆಯಿಲ್ಲ.

ವಿದ್ಯಾರ್ಥಿಗಳು ಸೂಜಿಯಿಲ್ಲದೆಯೇ ಒಂದು ಸಣ್ಣ ಪ್ರಯೋಗವನ್ನು ಕೈಕೊಳ್ಳಬಹುದು. ಕಾಲೇಜಿನಿಂದ ಬಂದೊಡನೆ ಒಂದು ನಿಮಿಷದ ನಾಡಿಬಡಿತವನ್ನು ಎಣಿಸಿ ಬರೆದಿಡಿ. ಒಂದು ದಿನ ಅರ್ಧ ಗಂಟೆ ಕಣ್ಣು ಮುಚ್ಚಿ ಸುಮ್ಮನೆ ಮಲಗಿ, ಮರುದಿನ ಅಷ್ಟೇ ಹೊತ್ತು ಫೋನು ನೋಡುತ್ತ ಮಲಗಿ, ಪ್ರತಿಸಲವೂ ಕೊನೆಯಲ್ಲಿ ಮತ್ತೆ ಎಣಿಸಿ. ಎರಡು ವಾರ ಹೀಗೆ ಮಾಡಿ ಅಂಕಿಗಳನ್ನು ಎರಡು ಸಾಲುಗಳಲ್ಲಿ ಅಕ್ಕಪಕ್ಕ ಬರೆಯಿರಿ. ಮುಂದೆ ಯಾರಾದರೂ ಒಂದು ಚಿಕಿತ್ಸೆಯನ್ನು ಹೊಗಳಿದಾಗ, ಅದರ ಪಕ್ಕದ ಸಾಲು ಎಲ್ಲಿದೆಯೆಂದು ಕೇಳುವ ಅಭ್ಯಾಸ ನಿಮಗೆ ತಾನಾಗಿಯೇ ಬರುತ್ತದೆ.