ಹೊಸಬರಿಗೆ ಊರು ತೋರಿಸುವ ಎರಡು ದಿನ

ಭಾನುವಾರದ ಬಲಿಪೂಜೆ ಮುಗಿದಿದೆ. ದೇವಾಲಯದ ಅಂಗಳದಲ್ಲಿ ಎಲ್ಲರೂ ಗುಂಪುಗುಂಪಾಗಿ ನಿಂತು ಮಾತನಾಡುತ್ತಿದ್ದಾರೆ. ಒಂದು ಮೂಲೆಯಲ್ಲಿ ಮಾತ್ರ ತಂದೆ, ತಾಯಿ ಮತ್ತು ಇಬ್ಬರು ಮಕ್ಕಳು ತಮ್ಮಷ್ಟಕ್ಕೆ ತಾವೇ ನಿಂತಿದ್ದಾರೆ. ದೂರದ ದೇಶದಿಂದ ಕಂಪನಿಯ ಕೆಲಸಕ್ಕೆಂದು ಬೆಳ್ಳಂದೂರಿಗೆ ಬಂದು ಅವರಿಗಿನ್ನೂ ತಿಂಗಳು ತುಂಬಿಲ್ಲ. ನೀವು ಅವರನ್ನು ನೋಡಿ ಮುಗುಳ್ನಕ್ಕಿರಿ, ಅವರೂ ನಕ್ಕರು. ಅಲ್ಲಿಗೆ ಮುಗಿಯಿತು. ನೀವು ಮನೆಗೆ ಹೋದಿರಿ, ಅವರು ಬಹುಮಹಡಿ ಕಟ್ಟಡದ ಗೇಟಿನೊಳಗೆ ಹೋದರು.

ಇಂತಹ ಕುಟುಂಬಗಳು ನಮ್ಮ ಸುತ್ತಮುತ್ತ ಎಷ್ಟೋ ಇವೆ. ಅವರು ಇಂಗ್ಲಿಷ್ ಪೂಜೆಗೆ ಬರುತ್ತಾರೆ, ನಾವು ಕನ್ನಡ ಪೂಜೆಗೆ ಹೋಗುತ್ತೇವೆ. ದೇವಾಲಯ ಒಂದೇ, ಗಂಟೆ ಬೇರೆ. ವಾರದ ಐದು ದಿನ ಕಚೇರಿ ಮತ್ತು ಶಾಲೆ, ಉಳಿದೆರಡು ದಿನ ಮಾಲ್. ಹೀಗೆ ವರ್ಷಗಳು ಕಳೆದು, ಒಂದು ದಿನ ಪೆಟ್ಟಿಗೆ ಕಟ್ಟಿ ಹೊರಟುಹೋಗುತ್ತಾರೆ. ಬೆಳ್ಳಂದೂರು ಹೇಗಿತ್ತೆಂದು ಅಲ್ಲಿ ಯಾರಾದರೂ ಕೇಳಿದರೆ, ರಸ್ತೆಯಲ್ಲಿ ವಾಹನಗಳು ಬಹಳ ಎನ್ನುವುದನ್ನು ಬಿಟ್ಟು ಅವರು ಏನು ಹೇಳಿಯಾರು?

ಬಾವಿ ತೋರಿಸಿದವರು

ಹೆರೋದನಿಗೆ ಹೆದರಿ ಪವಿತ್ರ ಕುಟುಂಬ ಈಜಿಪ್ಟಿಗೆ ಓಡಿಹೋದ ಸಂಗತಿಯನ್ನು ಸಂತ ಮತ್ತಾಯರ ಶುಭಸಂದೇಶದ ಎರಡನೆಯ ಅಧ್ಯಾಯ ಹೇಳುತ್ತದೆ. ಅಲ್ಲಿ ಅವರು ಹೇಗೆ ಬದುಕಿದರೆಂದು ಹೇಳುವುದಿಲ್ಲ. ಸ್ವಲ್ಪ ಯೋಚಿಸಿ ನೋಡಿರಿ. ಭಾಷೆ ಬೇರೆ, ಊರು ಬೇರೆ, ಕೈಯಲ್ಲಿ ಕೂಸು. ಯಾವ ಬಾವಿಯ ನೀರು ಸಿಹಿ, ಯಾವ ಬೀದಿಯಲ್ಲಿ ಬಡಗಿಗೆ ಕೆಲಸ ಸಿಗುತ್ತದೆ ಎಂದು ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಯಾರೋ ತೋರಿಸಿಕೊಟ್ಟಿರಲೇಬೇಕು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಜಗದ್ಗುರು ಹನ್ನೆರಡನೇ ಭಕ್ತಿನಾಥರು, ಅಂದರೆ ಪೋಪ್ ಹನ್ನೆರಡನೇ ಪಯಸ್, ವಲಸೆ ಹೋದವರ ಆರೈಕೆ ಕುರಿತು 1952ರಲ್ಲಿ ಬರೆದ ಪ್ರಬೋಧನೆಯನ್ನು ಈ ಪವಿತ್ರ ಕುಟುಂಬದ ಮಾತಿನಿಂದಲೇ ಆರಂಭಿಸಿದರು.

ನಮ್ಮ ಮನೆಗಳಿಂದಲೂ ದುಬೈ, ಕುವೈತ್, ಮಸ್ಕತ್‌ಗಳಿಗೆ ಹೋದವರಿದ್ದಾರೆ. ಮೊದಲ ವಾರ ಅಂಗಡಿ ತೋರಿಸಿದವರನ್ನು, ಬಸ್ಸು ಹತ್ತಿಸಿದವರನ್ನು ಅವರು ಇಂದಿಗೂ ನೆನೆಯುತ್ತಾರಲ್ಲವೇ? ಆ ಋಣವನ್ನು ಇಲ್ಲಿ ತೀರಿಸಲು ನಮಗೆ ಒಂದು ಶನಿವಾರ ಮತ್ತು ಒಂದು ಭಾನುವಾರ ಸಾಕು.

ಶನಿವಾರ: ಕೆರೆಯಿಂದ ಆರಂಭಿಸಿರಿ

"ನಮ್ಮ ಕೆರೆಯನ್ನು ತೋರಿಸುವುದೇ? ನಾಚಿಕೆಗೇಡು!" ಎಂದು ನೀವು ಹೇಳಬಹುದು. ಆದರೂ ಅಲ್ಲಿಗೇ ಕರೆದುಕೊಂಡು ಹೋಗಿರಿ. ಬೆಳ್ಳಂದೂರು ಕೆರೆ ಬೆಂಗಳೂರಿನ ಅತಿ ದೊಡ್ಡ ಕೆರೆ, ವಿಸ್ತೀರ್ಣ ಸುಮಾರು 900 ಎಕರೆ. ಬೆಂಗಳೂರಿಗೆ ದೊಡ್ಡ ನದಿಯಿಲ್ಲ. ಆದ್ದರಿಂದ ಹಿಂದಿನವರು ಮಳೆಯ ನೀರನ್ನು ಒಂದು ಕೆರೆಯಲ್ಲಿ ಹಿಡಿದು, ಅದು ತುಂಬಿದಾಗ ಕೋಡಿಯ ಮೂಲಕ ಮುಂದಿನ ಕೆರೆಗೆ ಬಿಟ್ಟರು. ಹೀಗೆ ಹರಿದುಬಂದ ನೀರು ಬೆಳ್ಳಂದೂರಿನಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರುತ್ತದೆ. ಆ ನದಿ ಹೊಸೂರಿನ ಕಡೆಯಿಂದ ತಮಿಳುನಾಡಿಗೆ ಹರಿದು, ಕಡಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಭೂಪಟದ ಮೇಲೆ ಬೆರಳಿಟ್ಟು ಈ ದಾರಿಯನ್ನು ಮಕ್ಕಳಿಗೆ ತೋರಿಸಿರಿ.

ಮಕ್ಕಳು ಇಷ್ಟಪಡುವ ಇನ್ನೊಂದು ಸಂಗತಿಯಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಗೆ ದುರಸ್ತಿಗಾಗಿ ಬರುತ್ತಿದ್ದ ಕ್ಯಾಟಲೀನಾ ವಿಮಾನಗಳು ಇದೇ ಕೆರೆಯ ನೀರಿನ ಮೇಲೆ ಇಳಿಯುತ್ತಿದ್ದವು. ಹೊರದೇಶದಿಂದ ಬೆಳ್ಳಂದೂರಿಗೆ ಬಂದಿಳಿದವರಲ್ಲಿ ನಿಮ್ಮ ಅತಿಥಿಗಳು ಮೊದಲಿಗರೇನಲ್ಲ!

ಆಮೇಲೆ ನಿಜವನ್ನೂ ಹೇಳಿರಿ. ನಗರದ ಕೊಳಚೆ ನೀರು ರಾಜಕಾಲುವೆಗಳಲ್ಲಿ ಹರಿದು ಕೆರೆಗೆ ಸೇರಿತು. ಅದರಲ್ಲಿದ್ದ ಸಾಬೂನಿನ ಅಂಶ, ನೀರು ಕೋಡಿಯಿಂದ ಧುಮುಕುವಾಗ ನೊರೆಯಾಗಿ ಎದ್ದು ರಸ್ತೆಯ ಮೇಲೆಲ್ಲ ಹಾರಿತು. 2015ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ಆ ನೊರೆಗೇ ಬೆಂಕಿ ಹತ್ತಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಕೆರೆಯಂಗಳ ಹೊತ್ತಿ ಉರಿಯಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಧ್ಯೆ ಪ್ರವೇಶಿಸಿದ ಬಳಿಕ ಹೂಳೆತ್ತುವ ಕೆಲಸ ನಡೆಯಿತು. ಮೊದಲ ಬೆಂಕಿಯ ಆ 2015ರಲ್ಲೇ, ಭೂಮಿ ನಮ್ಮೆಲ್ಲರ ಮನೆ ಎಂದು ಸಾರುವ ಪರಿಪತ್ರವನ್ನು ಜಗದ್ಗುರು ಫ್ರಾನ್ಸಿಸ್ ಪ್ರಕಟಿಸಿದರು.

"ಈ ಕೊಳಚೆ ಯಾರ ಮನೆಯದು?" ಎಂದು ಅವರ ಮಗು ಕೇಳಬಹುದು. ಉತ್ತರಿಸಲು ಹಿಂಜರಿಯಬೇಡಿ. ನಿಮ್ಮ ಮನೆಯದು, ನಮ್ಮ ಮನೆಯದು, ನಿನ್ನೆಯಷ್ಟೇ ಬಂದ ಅವರ ಮನೆಯದೂ ಹೌದು. ಊರಿನ ಅಂದವನ್ನು ಮಾತ್ರ ತೋರಿಸಿದರೆ ಅವರು ಪ್ರವಾಸಿಗರಾಗಿಯೇ ಉಳಿಯುತ್ತಾರೆ. ಊರಿನ ನೋವನ್ನೂ ತೋರಿಸಿದಾಗ ಊರಿನವರಾಗಲು ಆರಂಭಿಸುತ್ತಾರೆ. (ಕೆರೆಯನ್ನು ರಸ್ತೆಯ ಬದಿಯಿಂದಲೇ ನೋಡಿರಿ, ಮಕ್ಕಳನ್ನು ನೀರಿನ ಹತ್ತಿರ ಬಿಡಬೇಡಿರಿ.)

ಮಧ್ಯಾಹ್ನ ಹಳೆಯ ಊರಿನ ಬೀದಿಗಳಲ್ಲಿ ನಡೆಯಿರಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಗುವವರೆಗೆ ಬೆಳ್ಳಂದೂರು ಗ್ರಾಮ ಪಂಚಾಯಿತಿಯಾಗಿತ್ತು ಎಂದರೆ, ಗಾಜಿನ ಕಟ್ಟಡಗಳನ್ನೇ ಕಂಡವರು ನಂಬುವುದಿಲ್ಲ. ತರಕಾರಿ ಅಂಗಡಿಯಲ್ಲಿ ಅವರೇ ಕೊಳ್ಳಲಿ. "ನಮಸ್ಕಾರ", "ಎಷ್ಟು?", "ಸ್ವಲ್ಪ ಕಮ್ಮಿ ಮಾಡಿ", "ಊಟ ಆಯ್ತಾ?", "ಹೋಗಿ ಬರ್ತೀನಿ" — ಈ ಐದು ಮಾತು ಮೊದಲ ಪಾಠಕ್ಕೆ ಸಾಕು. ಹೊರಡುವಾಗಲೂ 'ಬರ್ತೀನಿ' ಎನ್ನುವುದು ನಮ್ಮ ಪದ್ಧತಿ. ಅದರ ಅರ್ಥವನ್ನು ಬಿಡಿಸಿ ಹೇಳಿದರೆ, ಮನೆಯಿಂದ ದೂರವಿರುವವರಿಗೆ ಅದು ಹಿತವಾಗಿ ಕೇಳಿಸುತ್ತದೆ.

ಭಾನುವಾರ: ಎರಡು ಊರು, ಎರಡು ಪಾಠ

ಪೂಜೆಯಲ್ಲಿ ಒಟ್ಟಿಗೆ ಕುಳಿತುಕೊಳ್ಳಿರಿ. ಒಂದು ವಾರ ನೀವು ಅವರ ಪೂಜೆಗೆ ಹೋಗಿರಿ, ಇನ್ನೊಂದು ವಾರ ಅವರು ನಿಮ್ಮ ಪೂಜೆಗೆ ಬರಲಿ. ಮಾತು ತಿಳಿಯದಿದ್ದರೂ ಯಾವಾಗ ಮೊಣಕಾಲೂರಬೇಕೆಂದು ಅವರಿಗೆ ಗೊತ್ತಿರುತ್ತದೆ.

ಬಳಿಕ ಬೇಗೂರಿಗೆ ಹೋಗಿರಿ. ಅಲ್ಲಿನ ನಾಗೇಶ್ವರ ದೇವಸ್ಥಾನದ ಬಳಿ ದೊರೆತ, ಗಂಗರ ಕಾಲದ, ಕ್ರಿ.ಶ. ಸುಮಾರು 890ರ ಶಾಸನದಲ್ಲಿ ಬೆಂಗಳೂರಿನಲ್ಲಿ ನಡೆದ ಕಾಳಗದ ಉಲ್ಲೇಖವಿದೆ. ರಾಜನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಈ ಹೆಸರು ಬಂತೆಂಬ ಕಥೆಯನ್ನು ಹೇಳಿರಿ. ಆ ಕಥೆಯ ರಾಜ ವೀರಬಲ್ಲಾಳನಿಗಿಂತ ಈ ಕಲ್ಲು ಹಳೆಯದೆಂಬುದನ್ನೂ ಹೇಳಿರಿ.

ಸಂಜೆ ವೈಟ್‌ಫೀಲ್ಡ್ ಕಡೆಗೆ ಹೊರಡಿರಿ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ಉಳಿಯಿತು. ಬೇಸಾಯ ಮಾಡಿ ತಮ್ಮದೇ ಒಂದು ನೆಲೆ ಕಟ್ಟಿಕೊಳ್ಳುವ ಆಸೆ ಅವರದು. ಮನೆಗಳನ್ನು ವೃತ್ತಾಕಾರವಾಗಿ ಕಟ್ಟಿಕೊಂಡರು. 'ಇನ್ನರ್ ಸರ್ಕಲ್' ಎಂಬ ಹೆಸರು ಇಂದಿಗೂ ಇದೆ. ಕಾಲಕ್ರಮದಲ್ಲಿ ಅವರಲ್ಲಿ ಅನೇಕರು ಬೇರೆ ದೇಶಗಳಿಗೆ ಹೊರಟುಹೋದರು. ಇಂದು ಗೇಟು ಹಾಕಿಕೊಂಡ ನಮ್ಮ ಬಡಾವಣೆಗಳೂ ಒಂದು ಬಗೆಯ ವೃತ್ತಗಳೇ. ವೃತ್ತದೊಳಗಿನ ಬದುಕು ಸುರಕ್ಷಿತ, ನಿಜ. ಆದರೆ ಬೇರು ಬಿಡಬೇಕಾದರೆ ಸುತ್ತಲಿನ ಮಣ್ಣು ಬೇಕು.

ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಪತ್ರ ಬರೆದು ಇದನ್ನೇ ತಿಳಿಸಿದ. ಪತ್ರ ಅವನ ಗ್ರಂಥದ 29ನೇ ಅಧ್ಯಾಯದಲ್ಲಿದೆ. ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ಆ ನಗರದ ಒಳಿತಿಗಾಗಿ ದುಡಿಯಿರಿ, ಪ್ರಾರ್ಥಿಸಿರಿ, ನಿಮ್ಮ ಒಳಿತೂ ಅದರೊಂದಿಗೇ ಬೆಸೆದಿದೆ ಎಂಬುದು ಅದರ ಸಾರ. ಎಷ್ಟು ದಿನ ಇರುತ್ತೇವೋ ತಿಳಿಯದವರಿಗೆ ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಬೇಕೇ?

ಒಂದು ಎಚ್ಚರಿಕೆ

ಹೊರದೇಶದಿಂದ ವಿಮಾನದಲ್ಲಿ ಬಂದವರನ್ನು ನಾವು 'ಎಕ್ಸ್‌ಪ್ಯಾಟ್' ಎಂದು ಗೌರವಿಸುತ್ತೇವೆ. ರಾಯಚೂರು, ಕಲಬುರಗಿಗಳಿಂದ, ಒಡಿಶಾ, ಬಂಗಾಳಗಳಿಂದ ರೈಲಿನಲ್ಲಿ ಬಂದು ಅದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರನ್ನು 'ವಲಸೆ ಕೂಲಿ' ಎನ್ನುತ್ತೇವೆ. ಅವರೂ ಮನೆ ಬಿಟ್ಟು ಬಂದವರೇ. ಅವರ ಮಕ್ಕಳಿಗೂ ಊರು ಹೊಸದೇ. ಬಿಳಿಯ ಅತಿಥಿಗೆ ಊರು ತೋರಿಸಿ, ತಗಡಿನ ಶೆಡ್ಡಿನ ಮಗುವಿನತ್ತ ಮುಖ ತಿರುಗಿಸಿದರೆ ನಮ್ಮದು ಅತಿಥಿ ಸತ್ಕಾರವಲ್ಲ, ಬರೀ ಪ್ರತಿಷ್ಠೆ. ನಿಮ್ಮ ಕಾರಿನಲ್ಲಿ ಒಂದು ಜಾಗ ಉಳಿದಿದ್ದರೆ, ಕಾವಲುಗಾರನ ಮಗನನ್ನೂ ಅವನ ತಂದೆತಾಯಿಗೆ ಹೇಳಿ ಕೂರಿಸಿಕೊಳ್ಳಿರಿ. ಮಕ್ಕಳು ತಮ್ಮ ತಮ್ಮಲ್ಲೇ ಭಾಷೆ ಹುಡುಕಿಕೊಳ್ಳುತ್ತಾರೆ.

ಮನೆಯಲ್ಲಿ ಕೂಡಿ ಯೋಚಿಸಿರಿ

1. ನಮ್ಮ ಬೀದಿಗೆ, ನಮ್ಮ ಕಟ್ಟಡಕ್ಕೆ ಈ ವರ್ಷ ಬಂದ ಹೊಸ ಕುಟುಂಬ ಯಾವುದು? ಅವರ ಹೆಸರು ನಮಗೆ ಗೊತ್ತೇ?

2. ನಾವು ಈ ಊರಿಗೆ ಬಂದಾಗ ಮೊದಲು ನೆರವಾದವರು ಯಾರು? ಮಕ್ಕಳಿಗೆ ಅವರ ವಿಷಯ ಹೇಳಿದ್ದೇವೆಯೇ?

3. ನಮ್ಮ ಮನೆಯ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಬಟ್ಟೆ ಒಗೆಯುವ ಪುಡಿಯನ್ನು ಅಳತೆ ಮಾಡಿ ಬಳಸುತ್ತೇವೆಯೇ?

4. ನಮ್ಮ ಮಕ್ಕಳು ಬೆಳ್ಳಂದೂರಿನ ಕೆರೆಯನ್ನು, ಬೇಗೂರಿನ ಶಾಸನವನ್ನು ನೋಡಿದ್ದಾರೆಯೇ?

ನಾಲ್ಕನೇ ಪ್ರಶ್ನೆಗೆ 'ಇಲ್ಲ' ಎಂದು ಉತ್ತರ ಬಂದರೆ ಸಂಕೋಚ ಬೇಡ. ಹೊಸಬರಿಗೆ ತೋರಿಸುವ ನೆಪದಲ್ಲಿ ನೀವೂ ನಿಮ್ಮ ಊರನ್ನು ಮೊದಲ ಬಾರಿಗೆ ನೋಡುತ್ತೀರಿ. ಈ ಭಾನುವಾರ ಅಂಗಳದ ಆ ಮೂಲೆಗೆ ನಾಲ್ಕು ಹೆಜ್ಜೆ ನಡೆದುಹೋಗಿ, "ಮುಂದಿನ ಶನಿವಾರ ಬಿಡುವಿದೆಯೇ?" ಎಂದು ಕೇಳಿರಿ.