ಪಗ್ ತರುವ ಮುನ್ನ
2003ರ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಬೆನ್ನು ಬಿಡದೆ ಓಡಾಡಿದ ನಾಯಿ ನೆನಪಿದೆಯಲ್ಲ? ಪಗ್‌ನ ಸ್ವಭಾವವೇ ಅದು. ಚೀನಾದ ಅರಮನೆಗಳಲ್ಲಿ ಮುದ್ದಿನಿಂದ ಬೆಳೆದ ತಳಿ. ನೀವು ಅಡುಗೆಮನೆಗೆ ಹೋದರೆ ಅಡುಗೆಮನೆಗೆ, ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲಿಗೆ ಹಾಜರು. ಮಕ್ಕಳೊಂದಿಗೆ ಬಲು ಸಲಿಗೆ. ಮನೆ ಕಾಯಲೆಂದು ಮಾತ್ರ ತರಬೇಡಿ. ದಿನವಿಡೀ ಬೀಗ ಹಾಕಿರುವ ಮನೆಗಂತೂ ಬೇಡವೇ ಬೇಡ, ಒಂಟಿಯಾಗಿ ಕೊರಗುತ್ತದೆ.

ಮೂತಿ ಚಪ್ಪಟೆಯಾದ್ದರಿಂದ ಉಸಿರಾಟ ಕಷ್ಟ. ರಾಯಚೂರು, ಕಲಬುರಗಿಯಂಥ ಊರಿನ ಬೇಸಿಗೆ ಅದರ ಪ್ರಾಣಕ್ಕೇ ಕುತ್ತು. ಬಿಸಿಲೇರುವ ಮೊದಲೇ ವಾಕಿಂಗ್ ಮುಗಿಸಿ; ಕುತ್ತಿಗೆಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಪಟ್ಟಿ ಇರಲಿ. ಮುಖದ ಮಡಿಕೆಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ತೇವ ಉಳಿಯದಂತೆ ಒಣಗಿಸಿ. ತಟ್ಟೆಯ ಮುಂದೆ ಕಣ್ಣರಳಿಸಿ ಕೂತರೂ ಕರಗಬೇಡಿ. ಮೈ ಬಂದಷ್ಟೂ ಉಸಿರು ಬಿಗಿಯುತ್ತದೆ. ತೂಕ 8 ಕೆಜಿ ದಾಟದಿರಲಿ.